ಅರ್ಧ ಸೌಟು ಸಾರು

ಇಸವಿ ಎರಡು ಸಾವಿರದ ಒಂದು, ಮೇ ತಿಂಗಳ ಇಪ್ಪತ್ತೇಳನೆಯ ತಾರೀಕು, ಭಾನುವಾರ, ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ, ಕುಮಟೆಯ ಒಂದು ಸಭಾಭವನದಲ್ಲಿ, ಉಪನಯನದ ಊಟದ ಎರಡನೆಯ ಪಂಕ್ತಿಯಲ್ಲಿ ಅರ್ಧ ಸೌಟು ಸಾರು ಬಾಳೆಎಲೆಯ ಹೊರಗೆ ಬಿತ್ತು. ಈ ಘಟನೆಯನ್ನು ಯಾವ ಪತ್ರಿಕೆಯೂ ವರದಿ ಮಾಡಲಿಲ್ಲ. ಜಿಲ್ಲಾಡಳಿತ ತನಿಖೆಗೆ ಆದೇಶಿಸಲಿಲ್ಲ. ಆದರೆ ಕುಮಟೆಯಿಂದ ಭಟ್ಕಳದವರೆಗೆ, ಎಲ್ಲೆಲ್ಲಿ ನಮ್ಮವರು ಎಲೆಯ ಮುಂದೆ ಕೂತರೋ ಅಲ್ಲೆಲ್ಲ, ಆ ವಾರ ಬೇರೆ ಮಾತಿರಲಿಲ್ಲ. ಏಕೆಂದರೆ ಸಾರು ಚೆಲ್ಲಿದವನು ಮಧುಸೂದನ.

ಮಧುಸೂದನ ನನ್ನ ತಂಗಿ ವನಮಾಲಾಳ ಗಂಡ. ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸಂಬಳ ಬರುತ್ತಿದ್ದುದು ಗಣಿತದಿಂದ. ಹೆಸರು ಬಂದದ್ದು ಬಡಿಸುವುದರಿಂದ. ನಮ್ಮಲ್ಲಿ ಊಟಕ್ಕೆ ಬಡಿಸುವುದು ನೆಂಟರಿಷ್ಟರ ಕೆಲಸ, ಮತ್ತು ಅದರಲ್ಲಿ ಪೊಲೀಸ್ ಇಲಾಖೆಯಲ್ಲಿ ಇರುವಂಥ ದರ್ಜೆಗಳಿವೆ. ಎಲ್ಲಕ್ಕಿಂತ ಕೆಳಗಿನದು ಉಪ್ಪು. ಎಲೆಯ ತುದಿಗೆ ಒಂದು ಚಿಟಿಕೆ ಹಾಕುತ್ತ ಹೋದರಾಯಿತು. ತಪ್ಪಿದರೂ ಯಾರಿಗೂ ನಷ್ಟವಿಲ್ಲ. ನಾನು ಇಪ್ಪತ್ತೆರಡು ವರ್ಷಗಳಿಂದ ಉಪ್ಪಿನಲ್ಲಿದ್ದೇನೆ. ಬಡ್ತಿಯ ಸೂಚನೆ ಇಲ್ಲ. ಸಾರು ಮಾತ್ರ ಮೇಲಿನ ದರ್ಜೆಯ ಕೆಲಸ. ಎಡಗೈಯಲ್ಲಿ ಬಿಸಿ ಬಾಲ್ದಿ, ಬಲಗೈಯಲ್ಲಿ ಸೌಟು, ಕೆಳಗೆ ನೆಲದ ಮೇಲೆ ಸಾಲಾಗಿ ಕೂತ ಜರಿಪಂಚೆಗಳು. ಬಗ್ಗಬೇಕು, ಅನ್ನದ ನಡುವಿನ ಕುಳಿಗೆ ಹೊಯ್ಯಬೇಕು, ಏಳಬೇಕು, ಮುಂದಿನ ಎಲೆಗೆ ಸರಿಯಬೇಕು.

ಇಷ್ಟೇ ಆಗಿದ್ದರೆ ನಾನೂ ಸಾರಿಗೆ ಏರಿಬಿಡುತ್ತಿದ್ದೆ. ಕಷ್ಟವಿದ್ದದ್ದು ಒಂದು ನಿಯಮದಲ್ಲಿ: ಬಡಿಸುವವನು ಎಲೆ ನೋಡಬಾರದು. ಉಣ್ಣುವವನ ಮುಖ ನೋಡಬೇಕು. ಬೇಕೋ ಸಾಕೋ ಎಂಬುದು ಮುಖದಲ್ಲಿ ಬರೆದಿರುತ್ತದೆ. ಅದನ್ನು ಓದಿ, ಒಂದು ಮಾತಾಡಿಸಿ, ಮುಂದೆ ಹೋಗಬೇಕು. ಅಲ್ಲದೆ ಉಣ್ಣುವವರ ಎಲೆಯನ್ನು ದಿಟ್ಟಿಸಿದರೆ ದೃಷ್ಟಿಯಾಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ ಎಂಬುದು ನಮ್ಮಲ್ಲಿ ಅಕ್ಷರ ಕಲಿತವರೂ ಕಲಿಯದವರೂ ಸಮಾನವಾಗಿ ನಂಬುವ ವಿಷಯ. ಮಧುಸೂದನ ಮೂವತ್ತು ವರ್ಷ ಮುಖಗಳನ್ನೇ ನೋಡುತ್ತ ಬಡಿಸಿದ. ಕೈ ತನ್ನ ಪಾಡಿಗೆ ತಾನು ಕೆಳಗಿಳಿದು, ಎಲೆಯಿಂದ ನಾಲ್ಕು ಬೆರಳು ಮೇಲೆ ನಿಂತು, ಓರೆಯಾಗಿ, ಖಾಲಿಯಾಗಿ ಮೇಲೆ ಬರುತ್ತಿತ್ತು. ಒಂದು ಹನಿ ಆಚೆ ಬಿದ್ದ ದಾಖಲೆ ಇರಲಿಲ್ಲ.

ಅಂಥವನು ಆ ಭಾನುವಾರ ಕೃಷ್ಣಾನಂದ ಮಾವನ ಮುಖ ನೋಡಿ, "ಮಾವ, ಗೇರುಬೀಜದ ದರ ಹ್ಯಾಂಗೆ?" ಎಂದು ಕೇಳುತ್ತ ಸೌಟು ಬಗ್ಗಿಸಿದ. ಸಾರು ಎಲೆಯಿಂದ ಒಂದು ಗೇಣು ಈಚೆ, ಮಾವನ ತೊಡೆಯ ಮೇಲೆ ಇಳಿಯಿತು. ಕೃಷ್ಣಾನಂದ ಮಾವನಿಗೆ ಎಪ್ಪತ್ತೊಂದು ವರ್ಷ. ನಮ್ಮ ಕಡೆಯ ಯಾವ ಊಟವೂ ಅವರಿಲ್ಲದೆ ಆಗುವುದಿಲ್ಲ, ಯಾವ ಊಟದ ವಿಮರ್ಶೆಯೂ ಅವರಿಲ್ಲದೆ ಮುಗಿಯುವುದಿಲ್ಲ.

ಅವರು ಕೂಗಲಿಲ್ಲ. ತೊಡೆ ನೋಡಿಕೊಂಡರು. "ಮಧು, ಸಾರು ಚೊಲೋ ಬಿಸಿ ಇದ್ದು," ಎಂದರು. "ಆದ್ರೆ ನನ್ನ ಪಂಚೆ ಉಣ್ತಿಲ್ಲೆ ಮಾರಾಯ."

ಪಂಕ್ತಿ ನಕ್ಕಿತು. ಮಧುಸೂದನ ನಗಲಿಲ್ಲ. ಸೌಟು ಹಿಡಿದ ಕೈಯನ್ನು, ಬೇರೆಯವರ ಮನೆಯ ಸಾಮಾನು ಎತ್ತಿಕೊಂಡು ಬಂದವನ ಹಾಗೆ, ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಪಂಚೆಯನ್ನು ವನಮಾಲಾ ಒತ್ತಾಯದಿಂದ ಇಸಿದುಕೊಂಡು ಬಂದಳು. ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದೆ; ಬಿಸಿಲಿಗೆ ಹಾಕಿದರೆ ಹೋಗುತ್ತದೆ. ಸೋಪು ಹಚ್ಚಿದಳು, ಕೆಂಪಾಯಿತು. ಬಿಸಿಲಿಗೆ ಹಾಕೋಣ ಎನ್ನುವಷ್ಟರಲ್ಲಿ ಮಳೆ ಹಿಡಿಯಿತು. ಪಂಚೆ ಐದು ತಿಂಗಳು ಅವರ ಮನೆಯಲ್ಲೇ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಮುಂದಿನ ಎರಡು ಊಟಗಳಲ್ಲಿ ಮಧುಸೂದನ ಒಂದು ಉಪಾಯ ಮಾಡಿದ. ಎಲೆ ನೋಡಿ ಬಡಿಸಿದ. ಸಾರು ಚೆಲ್ಲಲಿಲ್ಲ; ಮರ್ಯಾದೆ ಚೆಲ್ಲಿತು. ಹೆಂಗಸರ ಪಂಕ್ತಿಯಿಂದ ಒಬ್ಬರು ಕೈತೊಳೆಯಲು ಏಳುತ್ತಲೇ ಹೇಳಿದ್ದು ನನ್ನ ಕಿವಿಗೇ ಬಿತ್ತು: "ನಾ ಎಷ್ಟು ಹೋಳಿಗೆ ತಿಂದೆ ಹೇಳಿ ಲೆಕ್ಕ ಹಾಕ್ತಾ ಇದ್ದ. ಗಣಿತದ ಮಾಸ್ತರಲ್ದ!" ಇನ್ನೊಬ್ಬರಿಗೆ ಆ ಸಂಜೆಯೇ ಹೊಟ್ಟೆ ಕೆಟ್ಟಿತು. ಅವರು ತಿಂದ ಹೋಳಿಗೆ ಒಂಬತ್ತು ಎಂಬುದನ್ನು ಬಿಟ್ಟು ಉಳಿದೆಲ್ಲ ಕಾರಣಗಳನ್ನೂ ಮನೆಯವರು ಪರಿಶೀಲಿಸಿ, ಮಧುಸೂದನನ ಕಣ್ಣಿಗೆ ಬಂದು ನಿಂತರು.

ವನಮಾಲಾಳ ತೀರ್ಮಾನ ಬೇರೆ. ಗಂಡನಿಗೇ ದೃಷ್ಟಿಯಾಗಿದೆ ಎಂದಳು. ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಆಮೇಲೆ, ಕೈಗೆ ಬಲ ಸಾಲದು ಎಂದು ಎಣ್ಣೆ ತಿಕ್ಕಿದಳು. "ಬಲ ಇದ್ದೇ," ಎಂದು ಅವನು ಐವತ್ತು ಕಿಲೋದ ಅಕ್ಕಿ ಚೀಲವನ್ನು ಎತ್ತಿ ಜಗುಲಿಯ ಮೇಲಿಟ್ಟು ತೋರಿಸಿದ. ನಿಜ, ಬಲಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಎಲ್ಲಿ ಎಂದು ಹೇಳಲು ಅವನಿಗೂ ಬರುತ್ತಿರಲಿಲ್ಲ. ಕಿಸೆಗೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಕೀಲಿಕೈಯೋ ಪೆನ್ನೋ ತಿಳಿಯುತ್ತಿರಲಿಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಬಚ್ಚಲ ಗೋಡೆಗೆ ವಾಲುತ್ತಿದ್ದ. ಮಕ್ಕಳ ಕಡೆ ಮುಖ ಮಾಡಿ, ಬೆನ್ನ ಹಿಂದಿನ ಬೋರ್ಡಿನ ಮೇಲೆ ಒಂದೇ ಎಳೆತಕ್ಕೆ ವೃತ್ತ ಬರೆಯುವುದು ಅವನ ಹಳೆಯ ಪ್ರದರ್ಶನ. ಜೂನ್‌ನಲ್ಲಿ ಬರೆದ ವೃತ್ತ ಹಲಸಿನಕಾಯಿಯಾಗಿತ್ತು. ಮಕ್ಕಳು ನಗಲಿಲ್ಲವಂತೆ. ಅದರಿಂದಲೇ ಅವನು ಹೆದರಿದ್ದು.

ಜುಲೈನಲ್ಲಿ ನಾನೇ ಅವನನ್ನು ಕುಮಟೆಗೆ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರ್ ವಿನುತಾ ಎಂಬವರು ಹೊಸದಾಗಿ ದವಾಖಾನೆ ತೆರೆದಿದ್ದರು. ಕಾಯ್ಕಿಣಿಯ ಹುಡುಗಿ, ಹೈಸ್ಕೂಲಿನಲ್ಲಿ ಮಧುಸೂದನನ ಕೈಯಲ್ಲೇ ಗಣಿತ ಕಲಿತವಳು. ಅವನನ್ನು ಕಂಡವಳೇ ಕುರ್ಚಿಯಿಂದ ಎದ್ದು ನಿಂತಳು. ಆಮೇಲೆ, ಡಾಕ್ಟರ್ ತಾನೇ ಎಂಬುದು ನೆನಪಾಗಿ ಕೂತಳು.

"ಕಣ್ಣು ಮುಚ್ಚಿ ಸರ್. ಕದ್ದು ನೋಡೂಕಿಲ್ಲ."

"ಇದು ನಾನು ನಿಂಗೆ ಹೇಳ್ತಿದ್ದ ಮಾತು."

"ಈಗ ನನ್ನ ಸರದಿ." ಅವನ ಬಲಗೈಯ ತೋರುಬೆರಳನ್ನು ಎರಡೂ ಪಕ್ಕದಲ್ಲಿ ಹಿಡಿದು ತುಸುವೇ ಸರಿಸಿದಳು. "ಮೇಲೋ, ಕೆಳಗೋ?"

"ಮೇಲೆ."

ಕೆಳಗೆ ಬಗ್ಗಿಸಿದ್ದು ನನಗೆ ಕಾಣುತ್ತಿತ್ತು. ಹೀಗೆ ಹತ್ತು ಸಲ. ಕಣ್ಣು ಮುಚ್ಚಿಕೊಂಡೇ ಮೂಗು ಮುಟ್ಟಿ ಎಂದಳು. ಅವನು ಗಲ್ಲ ಮುಟ್ಟಿದ. ಎರಡೂ ಕೈ ಮುಂದೆ ಚಾಚಿ ಎಂದಳು. ಚಾಚಿದ ಕೈಗಳ ಬೆರಳುಗಳು, ಅವನಿಗೆ ಅರಿವಿಲ್ಲದೆ, ಕಾಣದ ಹಾರ್ಮೋನಿಯಂ ನುಡಿಸುವಂತೆ ಒಂದೊಂದಾಗಿ ಏಳುತ್ತ ಇಳಿಯುತ್ತ ಇದ್ದವು. ಕಣ್ಣು ಬಿಟ್ಟ ಕೂಡಲೇ ಎಲ್ಲ ನಿಂತವು, ಮಾಸ್ತರು ಬಂದ ಕ್ಲಾಸಿನ ಹಾಗೆ.

"ಎಷ್ಟು ಬಂತು?" ಎಂದು ಮಧುಸೂದನ ಕೇಳಿದ.

"ಬೆರಳಿಂದು ಹತ್ತಕ್ಕೆ ನಾಲ್ಕು."

"ಪಾಸು."

"ಇಲ್ಲ ಸರ್. ಸುಮ್ನೆ ಊಹೆ ಮಾಡ್ದವ್ರಿಗೂ ಐದು ಬರ್ತದೆ. ಸಂಭವನೀಯತೆ ಪಾಠ ನೀವೇ ಮಾಡಿದ್ದಲ್ಲ?"

ಆ ದಿನ ಅವಳು ಹೇಳಿದ್ದನ್ನು ನಾನು ಅವಳ ಮಾತಿನಲ್ಲೇ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದನ್ನು ಕೇಳಿಲ್ಲ. "ಸರ್, ನೀವು ಮಕ್ಳಿಗೆ ಲೆಕ್ಕ ಕೊಡ್ತ್ರಿ. ಅವ್ರು ಬಿಡಿಸ್ತ್ರು. ಉತ್ತರ ಪತ್ರಿಕೆ ನಿಮ್ಮ ಟೇಬಲ್ಲಿಗೆ ಬಂದ್ರೆ ಮಾತ್ರ ತಪ್ಪು ತಿದ್ದೂಕೆ ಆಗೂದು. ಕೈದೂ ಹಾಗೇ. 'ಇಷ್ಟು ಚಾಚು, ಇಷ್ಟು ಬಗ್ಗು' ಅಂತ ಮೆದುಳು ಹೇಳ್ತದೆ. ಕೈ ಮಾಡ್ತದೆ. ಮಾಡ್ತಾ ಮಾಡ್ತಾನೇ ಸ್ನಾಯು, ಕೀಲು ಎಲ್ಲ ವಾಪಸ್ ಸುದ್ದಿ ಕಳಿಸ್ತಾ ಇರ್ತವೆ: ಇಷ್ಟು ಬಗ್ಗಿದೆ, ಈಗ ಇಲ್ಲಿದೆ, ಸೌಟು ಇಷ್ಟು ಭಾರ ಇದೆ. ಅದನ್ನ ನೋಡಿ ಮೆದುಳು ಕ್ಷಣಕ್ಷಣಕ್ಕೂ ತಿದ್ತಾ ಹೋಗ್ತದೆ. ನಮ್ಗೆ ಗೊತ್ತೇ ಆಗೂದಿಲ್ಲ. ನಿಮ್ಗೆ ಎಂತ ಆಗಿದೆ ಅಂದ್ರೆ, ಲೆಕ್ಕ ಹೋಗ್ತಾ ಇದೆ, ಉತ್ತರ ಪತ್ರಿಕೆ ಬರ್ತಾ ಇಲ್ಲ."

"ಎಲ್ಲಿ ಕಳೀತು?"

"ಬೆನ್ನುಹುರಿಯ ಹಿಂಭಾಗದ ದಾರಿಯಲ್ಲಿ. ಅಲ್ಲಿಯ ನರಗಳ ಹೊದಿಕೆ ಸವೆದ ಹಾಗೆ ಕಾಣ್ತದೆ. ರಕ್ತ ನೋಡುವಾ."

ರಕ್ತ ಮಂಗಳೂರಿಗೆ ಹೋಗಿ ಬಂತು. ಬಿ ಟ್ವೆಲ್ವ್ ಎಂಬ ವಿಟಮಿನ್ ಇರಬೇಕಾದದ್ದರ ಕಾಲುಭಾಗವೂ ಇರಲಿಲ್ಲ. ಇದನ್ನು ಕೇಳಿ ವನಮಾಲಾ ಸ್ವತಃ ಕುಮಟೆಗೆ ಬಸ್ಸು ಹತ್ತಿದಳು. "ನಮ್ಮನೆ ಊಟದಲ್ಲಿ ಎಂತ ಕಮ್ಮಿ ಇದ್ದು? ಹಾಲಿದ್ದು, ಮಜ್ಜಿಗೆ ಇದ್ದು, ತುಪ್ಪ ಇದ್ದು."

"ಊಟದ ತಪ್ಪಲ್ಲ ಅಮ್ಮಾ. ಸರ್ ಹೊಟ್ಟೆ ಅದನ್ನ ಹೀರ್ಕೊಳ್ತಾ ಇಲ್ಲ."

"ಹಾಂಗೆ ಹೇಳಿ ಒಂದು ಚೀಟಿ ಬರ್ದು ಕೊಡಿ. ಅತ್ತೆಮನೆಯವ್ಕೆ ತೋರಿಸವು."

ವಿನುತಾ ಬರೆದುಕೊಟ್ಟಳು. ಆ ಚೀಟಿ ಇಂದಿಗೂ ಅವರ ದೇವರ ಗೂಡಿನಲ್ಲಿದೆ.

ಔಷಧ ಎಂದರೆ ಇಂಜೆಕ್ಷನ್: ಮೊದಲು ದಿನಾ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು, ಬದುಕಿರುವ ತನಕ. ಬಣ್ಣ ಥೇಟು ಮುರುಗಲು ಹಣ್ಣಿನ ಕೆಂಪು ಪಾನಕ. "ಕುಡಿಯೋದನ್ನ ಚುಚ್ಚಿಸಿಕೊಂಡು ಬತ್ತಾ ಇದ್ದೆ," ಎನ್ನುತ್ತಿದ್ದ. ಪೂರ್ತಿ ಸರಿಯಾಗುತ್ತದೆಯೇ ಎಂದು ಕೇಳಿದಾಗ ವಿನುತಾ ಸುಳ್ಳು ಹೇಳಲಿಲ್ಲ. ಆರು ತಿಂಗಳೋ ವರ್ಷವೋ ಬೇಕು, ಎಷ್ಟು ಬರುತ್ತದೋ ಅಷ್ಟು ಬರುತ್ತದೆ, ಅಲ್ಲಿಯವರೆಗೆ ಕೈಯ ಕೆಲಸವನ್ನೂ ಕಣ್ಣೇ ಮಾಡಲಿ ಎಂದಳು. ಎಲೆ ನೋಡಿ ಬಡಿಸಿದರೆ ಏನಾಗುತ್ತದೆ ಎಂಬುದು ಅವಳ ವೈದ್ಯಶಾಸ್ತ್ರದಲ್ಲಿ ಇರಲಿಲ್ಲ. ಮಧುಸೂದನ ಆಮೇಲೆ ಆ ವರ್ಷ ಯಾವ ಊಟದಲ್ಲೂ ಸೌಟು ಹಿಡಿಯಲಿಲ್ಲ.

ನವರಾತ್ರಿ ಕಳೆದು ಬಿಸಿಲು ಬಂತು. ಪಂಚೆಯ ಕಲೆ ನಾಲ್ಕು ದಿನದಲ್ಲಿ ಹಾರಿಹೋಯಿತು. ಕೃಷ್ಣಾನಂದ ಮಾವ ಅದನ್ನು ಒಯ್ಯಲು ತಾವೇ ಹೊನ್ನಾವರಕ್ಕೆ ಬಂದರು. ಚಹಾ ತಂದುಕೊಟ್ಟವಳು ಮಧುಸೂದನನ ಮಗಳು ಸ್ಮೃತಿ, ಆಗಷ್ಟೇ ಬಿ.ಎಡ್ ಮುಗಿಸಿದ್ದಳು. ಮಾವ ಚಹಾ ಕುಡಿದರು, ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಭಟ್ಕಳದಲ್ಲಿ ತಮ್ಮ ತಂಗಿಯ ಮಗ ಸಂಜಯ ಎಂಬವನು ಕಾಲೇಜಿನಲ್ಲಿ ಲೆಕ್ಚರರ್ ಆಗಿರುವ ವಿಷಯವನ್ನು, ಹವಾಮಾನದ ಸುದ್ದಿ ಹೇಳುವಂತೆ ಹೇಳಿದರು. ದೀಪಾವಳಿಯ ಹೊತ್ತಿಗೆ ಮಾತುಕತೆ ಮುಗಿದು, ಏಪ್ರಿಲ್ ಇಪ್ಪತ್ತೆಂಟಕ್ಕೆ ಹೊನ್ನಾವರದಲ್ಲಿ ಮದುವೆ ಎಂದು ನಿಶ್ಚಯವಾಯಿತು. ಅರ್ಧ ಸೌಟು ಸಾರು ನೆಟ್ಟಗೆ ಎಲೆಗೆ ಬಿದ್ದಿದ್ದರೆ ಈ ಸಂಬಂಧ ಆಗುತ್ತಿರಲಿಲ್ಲ. ಯಾರಿಗೆ ಕೃತಜ್ಞತೆ ಹೇಳಬೇಕೆಂದು ತಿಳಿಯದೆ ವನಮಾಲಾ ದೇವರಿಗೆ ಹೇಳಿದಳು.

ತೊಡಕು ಅಲ್ಲೇ ಇತ್ತು. ಮದುವೆಯ ದಿನ ಗಂಡಿನ ಕಡೆಯವರ ಮೊದಲ ಪಂಕ್ತಿಗೆ ಹೆಣ್ಣಿನ ಅಪ್ಪ ಸಾರು ಬಡಿಸುವುದು ಮಧುಸೂದನನ ಮನೆತನದ ವಾಡಿಕೆ. ಅವನ ಅಪ್ಪ ಬಡಿಸಿದ್ದ, ಅಜ್ಜ ಬಡಿಸಿದ್ದ.

"ನಿಂಗ ಸುಮ್ನೆ ಕೈ ಮುಗ್ದು ನಿಂತ್ಗಳಿ," ಎಂದಳು ವನಮಾಲಾ. "ಬೀಗರ ಮೈಮೇಲೆ ಚೆಲ್ಲಿದ್ರೆ ಸ್ಮೃತಿ ಜೀವಮಾನ ಕೇಳವು ಅದನ್ನ."

"ಮೂವತ್ತು ವರ್ಷ ಊರವರ ಮಕ್ಕಳ ಮದುವೆಗೆಲ್ಲ ಬಡಿಸಿದ್ದೆ. ನನ್ನ ಮಗಳ ಮದುವೇಲಿ ಕೈ ಕಟ್ಟಿ ನಿಲ್ಲಲೆ ನನ್ನ ಹತ್ರ ಆಗ್ತಿಲ್ಲೆ."

ಮರುದಿನ ಸಂಜೆ, ಅವನು ಶಾಲೆಯಿಂದ ಬರುವಷ್ಟರಲ್ಲಿ, ವನಮಾಲಾ ಅಂಗಳದಲ್ಲಿ ಹನ್ನೆರಡು ಬಾಳೆಎಲೆಗಳನ್ನು ಸಾಲಾಗಿ ಹಾಸಿ, ಬಾಲ್ದಿಯಲ್ಲಿ ಅರಿಶಿನದ ನೀರು ಕಲಸಿಟ್ಟಿದ್ದಳು.

ಜನವರಿಯಿಂದ ದಿನಾ ಇದೇ ನಡೆಯಿತು. ನಾನು ಪ್ರತಿ ಎಲೆಯ ಮುಂದೆ ಕೂತು ಬೀಗನಾಗಬೇಕು. ಹನ್ನೆರಡು ಬೀಗರ ಪಾತ್ರ ಒಬ್ಬನೇ ವಹಿಸಿದ್ದರಿಂದ ಹನ್ನೆರಡು ಬೀಗರಿಗೆ ಆಗಬೇಕಾದದ್ದು ನನ್ನ ಒಂದೇ ಲುಂಗಿಗೆ ಆಯಿತು. ಮೊದಲು ಅವನು ಎಲೆ ನೋಡಿಯೇ ಬಡಿಸುತ್ತಿದ್ದ. ನಿಧಾನ, ಕಣ್ಣು ನೋಡಿ, ಹೇಳಿ, ಕೈ ತಿದ್ದಿಕೊಳ್ಳುವಷ್ಟರಲ್ಲಿ ಸಾರು ಆರಿಹೋಗುವಷ್ಟು ನಿಧಾನ. ಫೆಬ್ರವರಿಯ ಹೊತ್ತಿಗೆ ವೇಗ ಬಂತು. ಆಮೇಲೆ ನಾಲ್ಕು ಎಲೆಗೆ ಒಮ್ಮೆ ನನ್ನ ಮುಖ ನೋಡಿ ಬಡಿಸತೊಡಗಿದ. ಆ ನಾಲ್ಕನೆಯದಕ್ಕೆ ನಾನು ಮೊಣಕಾಲು ಮಡಚಿಕೊಳ್ಳುತ್ತಿದ್ದೆ.

"ಹೆದರಡ ಭಾವ," ಎನ್ನುತ್ತಿದ್ದ.

"ಹೆದರಿಕೆ ಇಲ್ಲೆ. ಲುಂಗಿ ಇಲ್ಲೆ."

ಮಾರ್ಚಿನ ಒಂದು ಸಂಜೆ ಅವನು ಜಗುಲಿಯಲ್ಲಿ ಕಣ್ಣು ಮುಚ್ಚಿ ಕೂತು, ತೋರುಬೆರಳನ್ನು ನಿಧಾನವಾಗಿ ಎತ್ತಿ, ಮೂಗಿನ ತುದಿಗೆ ಇಟ್ಟ. ಮತ್ತೆ ತೆಗೆದ, ಮತ್ತೆ ಇಟ್ಟ. ವನಮಾಲಾ ಪಾಯಸ ಮಾಡಿದಳು. ಐವತ್ತು ವರ್ಷ ಮುಖದ ಮೇಲೇ ಇದ್ದ ಮೂಗು ಸಿಕ್ಕಿತೆಂದು ಸಿಹಿ ಮಾಡಿದ ಮನೆ ಬಹುಶಃ ಅದೊಂದೇ.

ಪಾಯಸ ಉಣ್ಣುವಾಗ ಅವನು ಬಲಗೈಯನ್ನು ನೋಡುತ್ತ ಹೇಳಿದ: "ಇಷ್ಟು ವರ್ಷ ದಿನಕ್ಕೆ ಸಾವಿರ ಉತ್ತರ ಪತ್ರಿಕೆ ಕಳಿಸ್ತಿತ್ತು ಭಾವ, ಈ ಕೈ. ಎಲ್ಲ ಸರಿ ಉತ್ತರ. ಒಂದಿನ 'ಚೊಲೋ ಇದ್ದು' ಹೇಳಿ ಬರೆದು ಕೊಟ್ಟಿದ್ನಿಲ್ಲೆ." ಆಮೇಲೆ ಎಡಗೈಯಿಂದ ಬಲಗೈಯನ್ನು ಒಮ್ಮೆ ತಟ್ಟಿದ. ನಾನು ಪಾಯಸದ ಬಟ್ಟಲಿನ ಕಡೆ ನೋಡಿದೆ.

ಆದರೂ ಮುಖ ನೋಡಿ ಬಡಿಸಿದಾಗ ಐದರಲ್ಲಿ ಒಂದು ಆಚೀಚೆ ಆಗುತ್ತಲೇ ಇತ್ತು. ಏಪ್ರಿಲ್ ಇಪ್ಪತ್ತೇಳಕ್ಕೆ ಅವನು ನಿರ್ಧರಿಸಿದ: ಎಲೆ ನೋಡಿಯೇ ಬಡಿಸುತ್ತೇನೆ, ಅಂದದ್ದು ಅನ್ನಿಸಿಕೊಳ್ಳುತ್ತೇನೆ. ಬಡಿಸದೆ ಇರುವುದಿಲ್ಲ.

ಮದುವೆಯ ಬೆಳಿಗ್ಗೆ ನಾನು ಕೃಷ್ಣಾನಂದ ಮಾವನನ್ನು ಕಂಬದ ಹಿಂದಕ್ಕೆ ಕರೆದು ಎಲ್ಲ ಹೇಳಿದೆ: ಬೆನ್ನುಹುರಿ, ಉತ್ತರ ಪತ್ರಿಕೆ, ನನ್ನ ಲುಂಗಿ. ಅವರು ಕೇಳಿದರು. "ಆತು," ಎಂದರು. ಮತ್ತೇನೂ ಹೇಳಲಿಲ್ಲ. ಅವರು ಮತ್ತೇನೂ ಹೇಳದೆ ಇದ್ದದ್ದು ಕಂಡು ನನಗೆ ಗಾಬರಿಯಾಯಿತು.

ಮೊದಲ ಪಂಕ್ತಿ ಕೂತಿತು. ಗಂಡಿನ ಕಡೆಯ ಅರವತ್ತು ಎಲೆ. ಮೊದಲ ಎಲೆ ಕೃಷ್ಣಾನಂದ ಮಾವನದು. ಉಟ್ಟದ್ದು ಅದೇ ಪಂಚೆ. ಸಾಲಿನ ಕೊನೆಗೆ, ಅರವತ್ತೊಂದನೆಯ ಎಲೆಯಲ್ಲಿ ಡಾಕ್ಟರ್ ವಿನುತಾ. ಮದುಮಗಳ ಅಪ್ಪನ ಶಿಷ್ಯೆ ಎಂದು ವನಮಾಲಾ ಕೈ ಹಿಡಿದು ಕೂರಿಸಿದ್ದಳು. ನಾನು ಉಪ್ಪು ಮುಗಿಸಿ ಪಕ್ಕಕ್ಕೆ ನಿಂತೆ. ಪಲ್ಯ, ಕೋಸಂಬರಿ, ಅನ್ನ, ತೊವ್ವೆ, ತುಪ್ಪ ಆದವು. ಮಧುಸೂದನ ಬಾಲ್ದಿ ಹಿಡಿದು ಬಂದ. ವನಮಾಲಾ, ಚೆಲ್ಲಿದರೆ ಇರಲೆಂದು, ಅಡಿಗೆಮನೆಯ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅದನ್ನು ಯಾರಿಗೂ ಬಡಿಸಲಿಲ್ಲ.

ಆಗ ಕೃಷ್ಣಾನಂದ ಮಾವ ಗಂಟಲು ಸರಿ ಮಾಡಿಕೊಂಡರು. ಅವರ ದನಿ ಮೈಕು ಬೇಡದ ಕಾಲದ್ದು.

"ಎಲ್ಲರೂ ಕೇಳಿ. ಮಧು ಇವತ್ತು ಎಲೆ ನೋಡಿ ಬಡಿಸ್ತ. ಅವಂಗೆ ಡಾಕ್ಟ್ರು ಹಾಂಗೇ ಮಾಡವು ಹೇಳಿದ್ದು. ಯಾರಿಗೂ ದೃಷ್ಟಿ ಆಗ್ತಿಲ್ಲೆ. ಹೆದರಿಕೆ ಇದ್ದವು ನಿಮ್ಮ ನಿಮ್ಮ ಎಲೆ ನೀವೇ ನೋಡ್ಕಳಿ. ಮನೆ ಯಜಮಾನನ ಕಣ್ಣಿಗಿಂತ ನಿಮ್ಮ ಕಣ್ಣು ಮೊದ್ಲು ಬಿದ್ರೆ ಆತು!"

ಇಂಥ ಶಾಸ್ತ್ರ ಯಾವ ಗ್ರಂಥದಲ್ಲೂ ಇಲ್ಲ. ಮಾವ ಆ ಬೆಳಿಗ್ಗೆಯೇ ರಚಿಸಿದ್ದು. ಆದರೆ ಅರವತ್ತು ತಲೆಗಳು ಒಟ್ಟಿಗೆ ಬಗ್ಗಿದವು. ಅರವತ್ತು ಜನ ತಮ್ಮ ತಮ್ಮ ಅನ್ನದ ಕುಳಿಯನ್ನು, ಬಾವಿಯಲ್ಲಿ ಬಿದ್ದ ಕೊಡ ಹುಡುಕುವವರಂತೆ, ನೋಡುತ್ತ ಕೂತರು. ನೋಡಲು ಗಂಡಿನ ಕಡೆಯ ಒಂದು ಮುಖವೂ ಉಳಿಯಲಿಲ್ಲ. ಎಲೆ ನೋಡಿದರೆ ಮರ್ಯಾದೆ ತಪ್ಪಿತು ಎನ್ನಲು ಯಾರಿಗೂ ದಾರಿ ಇರಲಿಲ್ಲ.

ಮಧುಸೂದನ ಒಂದು ಕ್ಷಣ ನಿಂತ. ಆಮೇಲೆ ಬಗ್ಗಿದ. ಸೌಟು ಇಳಿಯಿತು, ಓರೆಯಾಯಿತು, ಮೇಲೆ ಬಂತು. ಮಾವನ ಎಲೆ, ಅದರ ಪಕ್ಕದ್ದು, ಅದರ ಪಕ್ಕದ್ದು. ಸಾಲಿನ ಉದ್ದಕ್ಕೂ ಬರಿಯ ಬಾಲ್ದಿಯ ಹಿಡಿಕೆಯ ಸದ್ದು.

ಕೊನೆಯ ಎಲೆಯ ಹತ್ತಿರ ಮಾತ್ರ ಒಂದು ತಲೆ ಬಗ್ಗಿರಲಿಲ್ಲ. ವಿನುತಾ ಮುಖ ಎತ್ತಿ ಅವನನ್ನೇ ನೋಡುತ್ತಿದ್ದಳು.

"ಎಲೆ ನೋಡೂಕಿಲ್ಲ ಸರ್. ಇಲ್ಲಿ ನೋಡಿ."

"ಸೀರೆ ಹೊಸದಿದ್ದ ಹಾಗೆ ಕಾಣ್ತದೆ."

"ಮೊನ್ನೆ ತಕಂಡದ್ದು. ಕೈ ಈಗ ಎಲ್ಲಿದೆ? ಮೇಲೋ, ಕೆಳಗೋ?"

ಅವನು ಅವಳ ಮುಖ ನೋಡುತ್ತಲೇ ಇದ್ದ. ಕೈ ಕೆಳಗಿಳಿಯಿತು. ಎಲೆಯಿಂದ ನಾಲ್ಕು ಬೆರಳು ಮೇಲೆ ನಿಂತಿತು.

"ಕೆಳಗೆ," ಎಂದ. "ಅನ್ನದ ನಡುವೆ."

ಹೊಯ್ದ. ಅಲ್ಲೇ ಬಿತ್ತು.

ವಿನುತಾ ಕಲಸಿ ಒಂದು ತುತ್ತು ಉಂಡಳು. "ಪಾಸು," ಎಂದಳು. ಮಧುಸೂದನ ಅವಳಿಗೆ ಇನ್ನೊಂದು ಸೌಟು ಬಡಿಸಿದ. ಅವಳು ಬೇಡ ಎನ್ನಲಿಲ್ಲ.

ಆ ದಿನ ಅವನು ಎರಡು ಪಂಕ್ತಿಗೆ ಸಾರು ಬಡಿಸಿದ. ಮೊದಲನೆಯದಕ್ಕೆ ಎಲೆ ನೋಡಿ, ಎರಡನೆಯದಕ್ಕೆ ಮುಖ ನೋಡಿ. ಎರಡನೆಯದರಲ್ಲಿ ಮೂರು ಸಲ ಚೆಲ್ಲಿತು. ಮೂರೂ ನೆಲಕ್ಕೆ.